ಅಂಗೈಯ ಎರಡನೇ ದೀಪ

"ಎಡಗಡಿದೋ, ಬಲಗಡಿದೋ? ಸಾವಕಾಶ ನೋಡಿ ಹೇಳ್ರಿ. ನನಗೇನು ಅವಸರ ಇಲ್ಲ."

ಪಾರ್ವತಿನಗರದ ಆ ಕಂಪ್ಯೂಟರ್ ಅಂಗಡಿಯ ಮಾಲೀಕ ಶಶಿಕಾಂತ್ ಕೈಕಟ್ಟಿ ನಿಂತಿದ್ದ. ಟೇಬಲ್ ಮೇಲೆ ಎರಡು ಮಾನಿಟರ್, ಎರಡರಲ್ಲೂ ಒಂದೇ ಗೇಮಿನ ಒಂದೇ ಬೀದಿ. ಮಳೆ ನಿಂತ ರಸ್ತೆ, ನಿಂತ ನೀರಿನಲ್ಲಿ ಅಂಗಡಿ ಬೋರ್ಡುಗಳ ಕೆಂಪು ನೀಲಿ. ಒಂದರಲ್ಲಿ ರೇ ಟ್ರೇಸಿಂಗ್, ಅಂದರೆ ಬೆಳಕು ನಿಜಕ್ಕೂ ಬಿದ್ದು ಪುಟಿಯುವುದನ್ನು ಲೆಕ್ಕಹಾಕಿ ತೋರಿಸುವ ಸೌಲಭ್ಯ, ಆನ್; ಇನ್ನೊಂದರಲ್ಲಿ ಆಫ್. ಯಾವುದು ಯಾವುದೆಂದು ಹೇಳಿದರೆ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ ಎಂಬುದು ಅವನ ಷರತ್ತು. ದುಡ್ಡು ಕೊಟ್ಟು ಸಾಮಾನು ಕೊಳ್ಳಲು ಬಂದವರಿಗೆ ಪರೀಕ್ಷೆ ಇಡುವ ಅಂಗಡಿಯನ್ನು ಶ್ರೀಕೃತಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಕನ್ನಡಕ ತೆಗೆದು ದುಪಟ್ಟಾದ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಮನೆ ಕಟ್ಟುವ ಮೊದಲೇ ಅದನ್ನು ಕಂಪ್ಯೂಟರಿನಲ್ಲಿ ಕಟ್ಟಿ ತೋರಿಸುವುದು ಅವಳ ಕಸುಬು. ಆರು ವರ್ಷದಿಂದ ಗೋಡೆ, ಕಿಟಕಿ, ನೆರಳುಗಳ ನಡುವೆಯೇ ಬದುಕಿದವಳಿಗೆ ಇಷ್ಟು ತಿಳಿಯದೇ?

"ಎಡಗಡೆದು," ಎಂದಳು.

"ಬಲಗಡಿದು," ಎಂದ ಶಶಿಕಾಂತ್.

ಸ್ಟೂಲಿನ ಮೇಲೆ ಕೂತು ತನ್ನ ಮಷೀನು ರಿಪೇರಿಯಾಗುವುದನ್ನು ಕಾಯುತ್ತಿದ್ದ ಮದುವೆ ವಿಡಿಯೋ ಮಾಡುವ ಸಮ್ರಾಟ್ ಕಿಸಕ್ಕನೆ ನಕ್ಕುಬಿಟ್ಟ. ಶ್ರೀಕೃತಿಯ ಕಿವಿ ಕೆಂಪಾದವು.

"ಆತಲ್ರೀ? ಕಣ್ಣಿಗಿ ಗೊತ್ತಾಗಲಾರದ್ದಕ್ಕ ಯಾಕ ರೊಕ್ಕ ಹಾಕ್ತೀರಿ? ಈ ರೇ ಟ್ರೇಸಿಂಗ್ ಅನ್ನೂದು ಮದುವಿ ಮನಿ ಲೈಟಿನ ಸರ ಇದ್ದಂಗ. ಒಂದು ರಾತ್ರಿ ಝಗಮಗ, ಮರುದಿನ ಬಿಚ್ಚಿ ಗಂಟು ಕಟ್ಟೂದು. ನಿಮ್ಮ ಹಳೇ ಕಾರ್ಡ್ ಛಲೋ ಐತಿ. ಇದು ನಿಮಗ ಬ್ಯಾಡ."

"ನನಗ ಏನು ಬೇಕು, ಏನು ಬ್ಯಾಡ ಅಂತ ಹೇಳ್ಲಿಕ್ಕೆ ನೀವ್ಯಾರ್ರೀ?"

"ಮಾರಾವ."

"ಮಾರಾವ್ರು ಮಾರಬೇಕು. ಸಾಲಿ ಮಾಸ್ತರಿಕಿ ಮಾಡಬಾರ್ದು."

"ಬ್ಯಾಡಾದ್ದನ್ನ ಮಾರಿ ಮನಿಗಿ ಹೋದ್ರ ನನಗ ಊಟ ರುಚಿ ಹತ್ತೂದಿಲ್ರೀ," ಎಂದು ಅವನು ಹೇಳಿದ ರೀತಿ ನೋಡಬೇಕಿತ್ತು. ಜಗತ್ತಿನ ಪ್ರಾಮಾಣಿಕತೆಯನ್ನೆಲ್ಲ ಗುತ್ತಿಗೆ ಹಿಡಿದವನ ಠೀವಿ. ಎಡ ಹುಬ್ಬು ಮಾತ್ರ ತುಸು ಮೇಲೆ. ಆ ಹುಬ್ಬನ್ನು ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಸರಿಮಾಡಬೇಕು ಅನ್ನಿಸಿತು ಅವಳಿಗೆ.

ಮನೆಗೆ ಬಂದವಳೇ ಅಂಗಡಿಯ ಆನ್‌ಲೈನ್ ಪುಟ ಹುಡುಕಿ ಬರೆದಳು: "ಒಂದು ಸ್ಟಾರ್. ಇವರಿಗೆ ಮಾರಲು ಬರುವುದಿಲ್ಲ, ಮಾತಾಡಲಂತೂ ಮೊದಲೇ ಬರುವುದಿಲ್ಲ." ಹತ್ತು ನಿಮಿಷದಲ್ಲಿ ಉತ್ತರ ಬಂತು: "ಎಡ ಬಲ ಗೊತ್ತಾದ ಮೇಲೆ ಮತ್ತೊಮ್ಮೆ ಬನ್ನಿ. ಸ್ವಾಗತ." ಅವಳು ಫೋನನ್ನು ಹಾಸಿಗೆಯ ಮೇಲೆ ಎಸೆದಳು.

ಸಿಟ್ಟಿನ ಕೆಳಗೆ ಹೆದರಿಕೆ ಇತ್ತು. ಆರು ವರ್ಷ ಅವಳು ಊರಿನ ಒಬ್ಬ ಎಂಜಿನಿಯರ್ ಹತ್ತಿರ ದುಡಿದಿದ್ದಳು. ಅವಳು ಬರೆದ ಮನೆಗಳ ಕೆಳಗೆಲ್ಲ ಅವರ ಹೆಸರು. ನಾಲ್ಕು ತಿಂಗಳ ಹಿಂದೆ ಆ ಕುರ್ಚಿ ಬಿಟ್ಟು ಬಂದಿದ್ದಳು. ಸಿರುಗುಪ್ಪದ ಅಕ್ಕಿ ಗಿರಣಿಯವರ ಹೊಸ ಮನೆ ಅವಳ ಸ್ವಂತ ಹೆಸರಿನ ಮೊದಲ ಕೆಲಸ ಆಗಬೇಕಿತ್ತು. ಅದು ಕೈತಪ್ಪಿದರೆ ಒಂದನೇ ತಾರೀಖಿಗೆ ಮತ್ತೆ ಅದೇ ಕುರ್ಚಿ. ಬ್ಯಾಂಕಿನಿಂದ ನಿವೃತ್ತರಾದ ಅಪ್ಪ ಗುರುರಾಜರು ಎಂಜಿನಿಯರಿಗೆ ಆಗಲೇ ಮಾತು ಕೊಟ್ಟಾಗಿತ್ತು.

ಹಳೆಯ ಕಾರ್ಡಿನ ತನ್ನ ಮಷೀನನ್ನೇ ಚೀಲಕ್ಕೆ ಹಾಕಿ ಹೆಗಲಿಗೇರಿಸಿ ಮುಂದಿನ ಗುರುವಾರ ಸಿರುಗುಪ್ಪದ ಬಸ್ ಹತ್ತಿದಳು.

*

ಗಿರಣಿಯ ಹಿಂದೆಯೇ ಅವರ ಹಳೆಯ ಮನೆ. ಯಜಮಾನ ಚನ್ನಬಸವರಾಜನಿಗೆ ಆ ಎಂಜಿನಿಯರರ ಪ್ಲ್ಯಾನೇ ಒಪ್ಪಿಗೆಯಾಗಿತ್ತು. ಒಪ್ಪದವರು ಅವನ ತಾಯಿ, ಎಂಬತ್ತರ ಚನ್ನವೀರಮ್ಮ. ಹೊಸ ಮನೆಯಲ್ಲಿ ತನ್ನ ಪೂಜೆಯ ಕೋಣೆಯ ಬೆಳಕು ಸರಿ ಇರಬೇಕು, ಅದನ್ನು ಕಟ್ಟುವ ಮೊದಲೇ ಕಣ್ಣಾರೆ ತೋರಿಸಿದವರಿಗೇ ಮನೆ ಎಂದು ಹಟ ಹಿಡಿದಿದ್ದರು. ಆ ಹಟದ ಸಂದಿಯಲ್ಲಿ ಶ್ರೀಕೃತಿ ನುಸುಳಿದ್ದಳು.

ಅವಳು ಅಕ್ಕರೆಯಿಂದ ಕಟ್ಟಿದ ದೇವರ ಕೋಣೆ ಅವರ ಟಿವಿಯ ಪರದೆಯ ಮೇಲೆ ತೆರೆಯಿತು. ತೇಗದ ಮಂಟಪ, ಮೆಟ್ಟಿಲು ಮೆಟ್ಟಿಲಾಗಿ ಪೀಠ, ಪೀಠದ ಮುಂದೆ ಎರಡು ದೀಪ. ಅವಳ ಮನೆಯಲ್ಲಿ ರಾಯರ ಫೋಟೋ, ಸಾಲಿಗ್ರಾಮದ ಪೆಟ್ಟಿಗೆ ಇರುವುದು ಹಾಗೆಯೇ.

ಚನ್ನವೀರಮ್ಮ ದಪ್ಪ ಕನ್ನಡಕದೊಳಗಿಂದ ನೋಡಿ ನಕ್ಕರು. "ಭಾಳ ಚಂದ ಐತವ್ವಾ. ಆದ್ರ ನಾ ಪೂಜಿ ಮಾಡೂ ದೇವ್ರು ಪೀಠದ ಮ್ಯಾಲ ಇಲ್ಲ. ಇಲ್ಲಿ ಅದಾನ." ಎಡ ಅಂಗೈ ಬಿಚ್ಚಿ ತೋರಿಸಿದರು.

ಕೊರಳ ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕೂರುವ ಪೂಜೆ ಅದು. ಬಳ್ಳಾರಿಯಲ್ಲೇ ಹುಟ್ಟಿ ಬೆಳೆದವಳಿಗೆ ಗೊತ್ತಿರದ ಸಂಗತಿಯೇನಲ್ಲ. ಆದರೆ ನಮ್ಮ ಮನೆ ಹಾಗೆಯೇ ಎಲ್ಲರ ಮನೆ ಎಂದು ಕೈ ತಾನಾಗಿ ಬರೆದುಬಿಟ್ಟಿತ್ತು. ಶ್ರೀಕೃತಿ ನಾಚಿಕೆಯಿಂದ ಅಲ್ಲೇ ಕೂತು ಮಂಟಪ ಅಳಿಸಿದಳು. ಚಾಪೆ ಹಾಸಿ, ಒಂದು ಅಂಗೈ ಇಟ್ಟು, ಅದರಲ್ಲಿ ಕಪ್ಪು ಲಿಂಗ ಕೂರಿಸಿದಳು.

"ದೀಪ ಎಲ್ಲಿ ಇಡ್ಲೀರಿ, ಅಜ್ಜಿ?"

"ಹಿಂದ, ಎಡ ಭುಜದ ಹಿಂದ. ನಮ್ಮತ್ತಿ ಕಲಿಸಿದ್ದು. ಲಿಂಗದ ಕಂತಿಯೊಳಗ ಆ ದೀಪ ಒಂದು ಸಾಸಿವಿಕಾಳಿನಷ್ಟು ಕಾಣ್ತೈತಿ. ಅದರ ಮ್ಯಾಲ ಕಣ್ಣು ನಿಲ್ಲಿಸೂದು." ಕಂತಿ ಎಂದರೆ ಲಿಂಗದ ಮೇಲಿನ ನುಣುಪಾದ ಕಪ್ಪು ಲೇಪ, ಸಣ್ಣ ಕನ್ನಡಿಯಂತೆ ಹೊಳೆಯುತ್ತದೆ. ಅಜ್ಜಿಯ ದನಿ ತಗ್ಗಿತು. "ಎರಡು ವರ್ಷದಿಂದ ನನಗ ಎರಡು ಕಾಳು ಕಾಣಾಕತ್ತಾವ. ಮನಸ್ಸು ಯಾವುದರ ಮ್ಯಾಲ ನಿಲ್ಲಬೇಕು? ಈ ಮನಿ ಕಿಡಿಕಿದೇ ಏನೋ ಆಟ. ಹೊಸಾ ಮನ್ಯಾಗ ನನಗ ಒಂದ ದೀಪ ಬೇಕು."

"ಅವ್ವಾ, ಕಿಡಿಕಿದಲ್ಲ. ಆಪರೇಷನ್ ಮಾಡ್ಸಿ ಚಷ್ಮಾ ಹಾಕ್ಸಿದ್ರೂ ನಿನ್ನ ಕಣ್ಣು ಕೆಟ್ಟಾವ," ಎಂದ ಚನ್ನಬಸವರಾಜ, ಫೋನ್ ನೋಡುತ್ತಲೇ. ಎಷ್ಟು ಸಲ ಹೇಳಿದ್ದನೋ, ಅಜ್ಜಿಯ ಮುಖ ತಟ್ಟನೆ ಬಾಡಿತು.

ಶ್ರೀಕೃತಿ ಭುಜದ ಹಿಂದೆ ದೀಪ ಇಟ್ಟಳು. ಲಿಂಗದಲ್ಲಿ ಏನೂ ಮೂಡಲಿಲ್ಲ. ನೋಟವನ್ನು ಹಿಂದಕ್ಕೆಳೆದು ದೀಪ ಪರದೆಯೊಳಗೆ ಬರುವಂತೆ ಮಾಡಿದರೆ ಲಿಂಗದಲ್ಲೊಂದು ಹೊಳಪು. ದೀಪ ಆಚೆ ಹೋದ ಕೂಡಲೇ ಹೊಳಪೂ ಮಾಯ. ಅವಳ ಹಳೆಯ ಕಾರ್ಡಿನ ಹಣೆಬರಹವೇ ಅದು. ಪರದೆಯ ಮೇಲೆ ಏನಿದೆಯೋ ಅದನ್ನೇ ನಕಲು ಮಾಡಿ ಪ್ರತಿಬಿಂಬ ಬಳಿಯುತ್ತದೆ. ಬೆನ್ನ ಹಿಂದಿನದು ಅದಕ್ಕೆ ಗೊತ್ತೇ ಇಲ್ಲ.

"ದೀಪ ಕಂಡ್ರ ಐತಿ, ಕಾಣದಿದ್ರ ಇಲ್ಲ. ಇದೆಂಥ ಕಳ್ಳ ಬೆಳಕವ್ವಾ?" ಎಂದರು ಚನ್ನವೀರಮ್ಮ. ಆಮೇಲೆ ಪಾಪ ಅನ್ನಿಸಿತೇನೋ. "ಸೋಮವಾರ ಇನ್ನೊಮ್ಮಿ ತೋರ್ಸು. ಆವಾಗ್ಲೂ ಆಗಲಿಲ್ಲಂದ್ರ ನನ್ನ ಮಗ ಹೇಳಿದಂಗ ಆಗಲಿ."

*

"ನಿಮ್ಮ ಪರೀಕ್ಷೆಗಿಷ್ಟು ಬೆಂಕಿ ಹಾಕ!" ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತಳ್ಳಿದವಳೇ ಶುರು ಹಚ್ಚಿಕೊಂಡಳು. "ರಸ್ತೆ, ನೀರು, ಬೋರ್ಡು ಎಲ್ಲಾ ಕಣ್ಣೆದುರಿಗೇ ಇದ್ರ ಯಾವ ಕಾರ್ಡಾದ್ರೂ ಅಷ್ಟೇ. ಬೆನ್ನ ಹಿಂದಿನ ದೀಪ ತೋರಿಸ್ರಿ ನೋಡೋಣ, ನಿಮ್ಮ ಛಲೋ ಹಳೇ ಕಾರ್ಡಿನಾಗ!"

ಶಶಿಕಾಂತ್ ಸ್ಕ್ರೂಡ್ರೈವರ್ ಕೆಳಗಿಟ್ಟ. ಅವಳು ಸಿರುಗುಪ್ಪದ ಕಥೆಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಅವನು ಕೇಳಿದ, ಹುಬ್ಬೆತ್ತದೆ.

"ರಾತ್ರಿ ರೆಂಡರ್ ಹಚ್ಚಿ ಮಲಗ್ರಿ. ಮುಂಜಾನಿ ಚಿತ್ರ ತಯಾರ್ ಇರ್ತೈತಿ. ಬೆಳಕು ಖರೇನ ಬೀಳ್ತೈತಿ. ಅದಕ್ಕ ಹೊಸಾ ಕಾರ್ಡ್ ಯಾಕ?"

"ಅಜ್ಜಿ ‘ದೀಪ ಒಂದು ಗೇಣು ಈ ಕಡೆ ಸರಿಸು, ನನ್ನನ್ನ ತುಸು ಮುಂದ ಕೂಡ್ಸು’ ಅಂತಾರ. ಪ್ರತಿ ಸಲ ‘ನಾಳೆ ಬರ್ತೀನ್ರೀ ಅಜ್ಜಿ’ ಅನ್ಲೇನು? ಕೂತಲ್ಲೇ, ಆಗಿಂದಾಗ್ಗೆ ಕಾಣಬೇಕು. ನೀವೂ ಅವರ ಪೈಕಿನೇ ಅಲ್ಲೇನು? ಲಿಂಗ ಹೆಂಗ ಹಿಡೀತಾರ, ಕಣ್ಣಿಗೂ ಕೈಗೂ ಎಷ್ಟು ದೂರ, ಒಂದು ಸಲ ಮಾಡಿ ತೋರಿಸ್ರಿ. ನಿಮ್ಮದೆಲ್ಲಿ?"

ಅವನ ಕೈ ತನಗರಿಯದೇ ಅಂಗಿಯ ಮೊದಲ ಗುಂಡಿಗೆ ಹೋಗಿ ಬಂತು. ಕೊರಳಲ್ಲಿ ಏನೂ ಇರಲಿಲ್ಲ.

"ಇಲ್ಲ," ಎಂದ. "ಅಪ್ಪ ಹೋದಾಗ ತೆಗೆದಿಟ್ಟೆ. ನಾಲ್ಕು ವರ್ಷ ಆತು. ಕಾರಣ ಕೇಳಬ್ಯಾಡ್ರಿ."

ಶ್ರೀಕೃತಿಗೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಕ್ಷಮಿಸಿ ಎನ್ನಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವನೇ ಒರಟಾಗಿ, "ಆದಿತ್ಯವಾರ ಎಂಟಕ್ಕ ಕುರುಗೋಡಿಗಿ ಬರ್ರಿ. ದೊಡ್ಡಬಸವೇಶ್ವರ ಗುಡಿ ಹಿಂದಿನ ಓಣಿ. ನಮ್ಮವ್ವ ತೋರಿಸ್ತಾಳ. ನಿಮಗೋಸ್ಕರ ಅಲ್ಲ, ಆ ಅಜ್ಜಿಗೋಸ್ಕರ. ಬಸ್ಸಿಗಿ ಬರ್ರಿ, ನನ್ನ ಗಾಡಿ ಹಿಂದ ಜಾಗ ಇಲ್ಲ," ಎಂದ.

ಅವನ ಬೈಕಿನ ಹಿಂದೆ ಬೇಕಾದಷ್ಟು ಜಾಗ ಇತ್ತು. ಅವಳು ಹೋಗುವಾಗ ನೋಡಿಕೊಂಡೇ ಹೋದಳು.

*

"ಯಾರಲೇ ಈಕಿ?" ಎಂದು ಕೇಳಿದರು ಶಶಿಕಾಂತನ ತಾಯಿ ಹಂಪಮ್ಮ.

"ಗಿರಾಕಿ. ಏನೂ ಖರೀದಿ ಮಾಡಿಲ್ಲ. ಇವರನ್ನ ಕಂಡ್ರ ನನಗ ಆಗೂದಿಲ್ಲ."

"ಅದಕ್ಕ ಆದಿತ್ಯವಾರ ಏಳಕ್ಕ ಎದ್ದು, ಗಡ್ಡಾ ಬೋಳಿಸ್ಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿಯೇನು?" ಎಂದು ಕೇಳಿ ಹಂಪಮ್ಮ ಉತ್ತರಕ್ಕೆ ಕಾಯದೆ ಚಾಪೆ ಹಾಸಿದರು. ಶಶಿಕಾಂತ್ ಗೋಡೆಯ ಕ್ಯಾಲೆಂಡರ್ ಓದತೊಡಗಿದ. ಹೋದ ತಿಂಗಳ ಹಾಳೆ ಅದು.

ಹಂಪಮ್ಮ ಹಣೆಗೆ ವಿಭೂತಿ ಹಚ್ಚಿ, ಹಿಂದೆ ಎತ್ತರದ ಸ್ಟ್ಯಾಂಡಿನ ಮೇಲೆ ದೀಪ ಇಟ್ಟು ಕೂತರು. ಅಂಗೈಯಲ್ಲಿ ನೇರಳೆ ಹಣ್ಣಿನಷ್ಟು ಕಪ್ಪು ಲಿಂಗ. ಶ್ರೀಕೃತಿ ಟೇಪು ಹಿಡಿದು ಅಳೆದಳು: ಕಣ್ಣಿನಿಂದ ಕೈಗೆ, ಕೈಯಿಂದ ನೆಲಕ್ಕೆ, ದೀಪದಿಂದ ಭುಜಕ್ಕೆ. ಪೂಜೆ ಮುಗಿಸಿದ ಹಂಪಮ್ಮ ಗೂಡಿನಿಂದ ಇನ್ನೊಂದು ಸಣ್ಣ ಗಂಟು ತೆಗೆದರು.

"ಇವಂದೂ ಅಳತಿ ತೊಗೋ. ದಿನಾ ನಂದರ ಜೋಡಿ ಇದನ್ನೂ ನಾನ ತೊಳೀತೀನಿ. ಕುಂದ್ರಲೇ."

"ಅವ್ವಾ, ಬ್ಯಾಡ."

"ಅಳತಿಗೆ ಲೇ. ಕುಂದ್ರು."

ಅವನು ಕೂತ. ತಾಯಿ ಲಿಂಗವನ್ನು ಅಂಗೈಯಲ್ಲಿಟ್ಟಾಗ ಅವನ ಬೆರಳು ತಾವಾಗಿ ಅದರ ಸುತ್ತ ಮಡಚಿಕೊಂಡದ್ದನ್ನು ಶ್ರೀಕೃತಿ ನೋಡಿದಳು. ಟೇಪು ಮಡಚಿ ಕೈಯಲ್ಲೇ ಹಿಡಿದುಕೊಂಡಳು. ಅವನು ಅದನ್ನೇ ನೋಡುತ್ತ ಕೂತಿದ್ದ. ಅವಳು ಕಾದಳು.

ಆಮೇಲೆ ಅವನಿಗೆ ಕಾಣುವುದು ತನಗೂ ಕಾಣಲೆಂದು ಅವನ ಹಿಂದೆ ಮಂಡಿಯೂರಿ, ಅವನ ಭುಜದ ಪಕ್ಕ ಮುಖ ತಂದಳು. ಸೋಪಿನ ವಾಸನೆ, ವಿಭೂತಿಯ ವಾಸನೆ. ಅವನು ಉಸಿರು ಬಿಗಿಹಿಡಿದದ್ದು ಗೊತ್ತಾಯಿತು. ತಾನೂ ಬಿಗಿಹಿಡಿದದ್ದು ಆಮೇಲೆ ಗೊತ್ತಾಯಿತು.

"ಎರಡು ಅವ," ಎಂದಳು.

"ಒಂದ ಐತಿ."

"ಎರಡು! ಮ್ಯಾಲೊಂದು, ಪಕ್ಕಕ್ಕೊಂದು."

"ಒಂದ ಐತಿ ಅಂದ್ನೆಲ್ಲ. ಎಡ ಬಲ ಗೊತ್ತಾಗೂದಿಲ್ಲ, ಈಗ ಒಂದು ಎರಡೂ ಗೊತ್ತಾಗೂದಿಲ್ಲೇನು?"

"ಕುರುಡ್ರು ನೀವು!"

ಅವನು ತಿರುಗಿದ. ಮುಖಕ್ಕೂ ಮುಖಕ್ಕೂ ನಡುವೆ ಗೇಣು ಜಾಗ. ಅವನ ಕಣ್ಣು ಅವಳ ಕಣ್ಣಿಗೆ ಬಂದು, ಅಲ್ಲಿಂದ ಕನ್ನಡಕದ ಗಾಜಿಗೆ ಬಂದು ನಿಂತಿತು. ಗಾಜಿನೊಳಗೆ ಹಳದಿ ಚುಕ್ಕೆ.

"ಚಷ್ಮಾ ತೆಗೀರಿ," ಎಂದ ಮೆಲ್ಲಗೆ.

ಅವಳು ತೆಗೆದಳು. ಎಲ್ಲ ಮಂಜು. ಮಂಜಿನ ನಡುವೆ ಕಪ್ಪು, ಕಪ್ಪಿನಲ್ಲಿ ಹಳದಿ ಚುಕ್ಕೆ. ಒಂದೇ. ಹಾಕಿದಳು, ಎರಡು. ತೆಗೆದಳು, ಒಂದು. ಎರಡನೆಯ ದೀಪ ಲಿಂಗದಲ್ಲಿರಲೇ ಇಲ್ಲ. ಬೆನ್ನ ಹಿಂದಿನ ಬೆಳಕು ಕನ್ನಡಕದ ಒಳಮೈಗೆ ಬಡಿದು ನೇರವಾಗಿ ಕಣ್ಣಿಗೆ ಬರುತ್ತಿತ್ತು.

"ಅಜ್ಜಿ!" ಎಂದು ಕೂಗಿಬಿಟ್ಟಳು. "ಎರಡು ವರ್ಷದ ಹಿಂದ ಅವರಿಗೆ ಕಣ್ಣಿನ ಆಪರೇಷನ್ ಆಗ್ಯದ. ಚಷ್ಮಾ ಬಂದದ್ದೇ ಆವಾಗ!"

 ಶಶಿಕಾಂತ್ ಕನ್ನಡಕವಿಲ್ಲದ ಅವಳ ಕಣ್ಣುಗಳನ್ನು ನೋಡುತ್ತಿದ್ದ.

"ಏನು ನೋಡ್ತೀರಿ?"

"ಏನಿಲ್ಲ. ಹಾಕ್ಕೊರ್ರಿ ಅದನ್ನ. ಹಿಂಗ ಇದ್ರ ನಿಮ್ಮ ಜೋಡಿ ಜಗಳಾಡಾಕ ಆಗೂದಿಲ್ಲ."

*

ಹಂಪಮ್ಮ ಕೊಟ್ಟ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ತಟ್ಟೆ ಹಿಡಿದು ಇಬ್ಬರೂ ಕಟ್ಟೆಯ ಮೇಲೆ ಕೂತರು. ಜಗಳಾಡಲು ಆಗುವುದಿಲ್ಲ ಎಂದವನು ಐದು ನಿಮಿಷವೂ ತಡೆಯಲಿಲ್ಲ.

"ದೀಪ ಎರಡು ಫೂಟು ಮುಂದಕ್ಕ ಇಟ್ರ ಮುಗೀತು. ಫೋನ್ ಮಾಡಿ ಹೇಳಿಬಿಡ್ರಿ ಅಜ್ಜಿಗೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕ? ಯಾವ ಕಾರ್ಡೂ ಬ್ಯಾಡ."

ಶ್ರೀಕೃತಿ ಮಿರ್ಚಿಯ ತೊಟ್ಟನ್ನೇ ತಿರುಗಿಸುತ್ತಿದ್ದಳು. ಅವಳ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು. ಹೊಸ ಮನೆಯ ಕೋಣೆಯಲ್ಲಿ ದೀಪವನ್ನು ಮುಂದಿಟ್ಟು ತೋರಿಸಿದರಾಯಿತು. ಒಂದೇ ಚುಕ್ಕೆ ಕಾಣುತ್ತದೆ, ಅಜ್ಜಿ ಒಪ್ಪುತ್ತಾರೆ, ಮನೆ ತನ್ನದು. ಹಳೆಯ ಮನೆಯಲ್ಲೂ ದೀಪ ಸರಿಸಿದರೆ ಸಾಕು ಎಂಬುದನ್ನು ಬಾಯಿಬಿಡದಿದ್ದರೆ ಆಯಿತು. ಅದು ಸುಳ್ಳೇನೂ ಅಲ್ಲ.

ಅದನ್ನೇ ಅವನಿಗೂ ಹೇಳಿದಳು.

"ಮನಿ ಕಟ್ಟಾಕ ಎಷ್ಟು ದಿನ?" ಎಂದು ಕೇಳಿದ.

"ಒಂದೂವರೆ ವರ್ಷ. ಎರಡು."

"ಎಂಬತ್ತು ವರ್ಷದಾಕಿ ಇನ್ನೆರಡು ವರ್ಷ ಎರಡು ದೀಪ ನೋಡ್ಕೊಂತ ಕುಂದ್ರಲೇನು?"

"ಸತ್ಯ ಹೇಳೋದು ನಿಮಗ ಸುಲಭ್ರೀ!" ಅವಳ ದನಿ ಓಣಿಗೆಲ್ಲ ಕೇಳಿಸಿತು. "ಅಂಗಡಿ ನಿಮ್ಮದು. ಬೋರ್ಡಿನ ಮ್ಯಾಲೆ ಹೆಸರು ನಿಮ್ಮದು. ಆರು ವರ್ಷ ನಾ ಕಟ್ಟಿದ ಮನೆಗಳ ಕೆಳಗ ಇನ್ನೊಬ್ಬರ ಹೆಸರು ಅದ. ಈ ಕೋಣೆ ಹೋತಂದ್ರ ನಾ ಮತ್ತ ಅಲ್ಲೇ ಹೋಗಿ ಕೂಡಬೇಕು. ನಿಮಗೇನು ಗೊತ್ತು?"

ಅವನು ತಲೆ ತಗ್ಗಿಸಿದ. "ಗೊತ್ತಿಲ್ಲ," ಎಂದ. "ಆದ್ರೂ ಹೇಳಬೇಕು."

ಅವನ ಮೇಲೆ ಅವಳಿಗೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಯಾಕೆಂದರೆ ತಾನು ಹೇಳಿಯೇ ಹೇಳುತ್ತೇನೆಂದು ಅವಳಿಗೆ ಆಗಲೇ ಗೊತ್ತಿತ್ತು. ಚನ್ನಬಸವರಾಜ ಫೋನ್ ನೋಡುತ್ತ ಆಡಿದ ಮಾತು, ಬಾಡಿದ ಆ ಮುದಿ ಮುಖ, ಎರಡೂ ಅವಳ ಕಣ್ಣ ಮುಂದಿದ್ದವು.

"ಹೇಳ್ತೀನಿ. ಆದ್ರ ಫೋನಿನಾಗಲ್ಲ," ಎಂದಳು. "ಫೋನಿನಾಗ ಹೇಳಿದ್ರ ಅವರ ಮಗ ಮತ್ತ ‘ಕಣ್ಣು ಕೆಟ್ಟಾವ’ ಅಂತಾನ. ಅಜ್ಜಿ ಕಣ್ಣು ಸರಿ ಅವ. ಅವರು ನೋಡಿದ್ದು ಖರೇನೇ. ಅದನ್ನ ಮನೆ ಮಂದಿಯೆಲ್ಲಾ ನೋಡಬೇಕು, ಅಜ್ಜಿ ಕೂತ ಜಾಗದಾಗಿಂದ. ಅದಕ್ಕ ನನಗ ಆ ಕಾರ್ಡ್ ಬೇಕು."

ಶಶಿಕಾಂತ್ ಅವಳನ್ನೇ ನೋಡಿದ. ಹುಬ್ಬು ಈ ಸಲ ಮೇಲೇರಲಿಲ್ಲ.

"ಸೋಮವಾರ ಅಂಗಡಿ ಮಷೀನ್ ದೋಸ್ತನ ಕಾರಿನ್ಯಾಗ ಹಾಕ್ಕೊಂಡು ಬರ್ತೀನಿ. ಅದರಾಗ ಐತಿ ಹೊಸಾ ಕಾರ್ಡ್."

"ಕಾರ್ಡ್ ಬ್ಯಾಡ ಅಂದಿದ್ರಿ?"

"ಅಂದಿದ್ದೆ," ಎಂದ, ಮುಖ ಆಚೆ ತಿರುಗಿಸಿ. ಸೋಲನ್ನು ಅದಕ್ಕಿಂತ ಉದ್ದವಾಗಿ ಒಪ್ಪಿಕೊಳ್ಳುವುದು ಅವನ ಜಾಯಮಾನದಲ್ಲಿರಲಿಲ್ಲ.

*

ಸಿರುಗುಪ್ಪದ ದಾರಿಯುದ್ದಕ್ಕೂ ಇಬ್ಬರೂ ಏಸಿಯ ಬಗ್ಗೆ ಜಗಳವಾಡಿದರು. ಗಿರಣಿ ಮನೆಯ ದೊಡ್ಡ ಟಿವಿಗೆ ಮಷೀನು ಜೋಡಿಸುವಾಗ ಯಾವ ವೈರು ಎಲ್ಲಿ ಎಂಬ ಬಗ್ಗೆಯೂ ಆಡಿದರು. ಚನ್ನವೀರಮ್ಮ ಒ‌ಬ್ಬರ ಮುಖ ನೋಡಿ, ಇನ್ನೊಬ್ಬರ ಮುಖ ನೋಡಿ ಮೆಲ್ಲಗೆ ನಕ್ಕರು. ಮಗ, ಸೊಸೆ ಇಬ್ಬರೂ ಬಂದು ಕೂತರು.

ಪರದೆಯ ಮೇಲೆ ಅದೇ ಹಳೆಯ ಮನೆಯ ಪೂಜೆಯ ಮೂಲೆ. ಅದನ್ನು ಶ್ರೀಕೃತಿ ರಾತ್ರಿಯೆಲ್ಲ ಕೂತು ಕಟ್ಟಿದ್ದಳು. ಅಂಗೈ, ಕಪ್ಪು ಲಿಂಗ. ದೀಪ ಪರದೆಯಲ್ಲೆಲ್ಲೂ ಇಲ್ಲ, ಬೆನ್ನ ಹಿಂದಿದೆ. ಆದರೂ ಕಂತಿಯೊಳಗೆ ಸಾಸಿವೆಯಷ್ಟು ಬೆಳಕು ಮೂಡಿ ನಿಂತಿತು.

"ಬಂತು," ಎಂದರು ಅಜ್ಜಿ. "ಇದು ಖರೇ ಬೆಳಕು."

"ಈಗ ನೋಡ್ರಿ," ಎಂದು ಶ್ರೀಕೃತಿ ಒಂದು ಗುಂಡಿ ಒತ್ತಿದಳು. ನೋಟದ ಮುಂದೆ ಅಜ್ಜಿಯ ಕನ್ನಡಕದಂಥ ಒಂದು ಜೊತೆ ಗಾಜು ಬಂದು ಕೂತವು, ಅಷ್ಟೇ.

"ಅರೇ, ಎರಡು!" ಎಂದ ಚನ್ನಬಸವರಾಜ. ಫೋನು ತೊಡೆಯ ಮೇಲಿತ್ತು.

"ಏನಂದಿ?"

"ಎರಡು ಕಾಣಾಕತ್ತಾವಲ್ಲವ್ವಾ."

"ನಿನ್ನ ಕಣ್ಣೂ ಕೆಟ್ಟಾವೇನು, ಹಂಗಾರ?"

ಮಗ ಫೋನನ್ನು ಕಿಸೆಗಿಟ್ಟ. ಸೊಸೆ ಸೆರಗು ಬಾಯಿಗೆ ಹಿಡಿದಳು. ಶ್ರೀಕೃತಿ ಮೌಸ್ ಹಿಡಿದು ದೀಪವನ್ನು ಮೆಲ್ಲಗೆ ಮುಂದಕ್ಕೆ ಸರಿಸಿದಳು. ಎರಡನೆಯ ಚುಕ್ಕೆ ಜಾರುತ್ತ ಜಾರುತ್ತ ಅಂಚಿಗೆ ಹೋಗಿ ಕಾಣದಾಯಿತು, ಮೊದಲನೆಯದು ಉಳಿಯಿತು.

ಚನ್ನವೀರಮ್ಮ ಎದ್ದು ಒಳಗೆ ಹೋದರು. ದೀಪದ ಸ್ಟ್ಯಾಂಡು ನೆಲದ ಮೇಲೆ ಎಳೆದ ಸದ್ದು ಕೇಳಿಸಿತು. ಬಹಳ ಹೊತ್ತಿನ ಮೇಲೆ ಒಳಗಿನಿಂದ ಒಂದೇ ಮಾತು ಬಂತು.

"ಒಂದ."

ಬಾಗಿಲ ಸಂದಿಯಿಂದ ಶ್ರೀಕೃತಿಗೆ ಅವರ ಬಗ್ಗಿದ ಬೆನ್ನು ಮಾತ್ರ ಕಂಡಿತು. ಅದು ಅಲುಗುತ್ತಿತ್ತು. ಎರಡು ವರ್ಷ ಒಬ್ಬರೇ ನೋಡಿದ್ದನ್ನು ಇವತ್ತು ಮನೆಯವರೆಲ್ಲ ನೋಡಿದ್ದರು. ಅವರು ಹೊರಗೆ ಬರಲಿಲ್ಲ, ಕರೆಯಲೂ ಇಲ್ಲ. ಅವರಿಗೆ ಹೊರಗಿನ ಯಾವುದೂ, ಹೊಸ ಮನೆಯ ಆ ಹಟವೂ, ಬೇಕಿರಲಿಲ್ಲ.

"ದೊಡ್ಡ ಉಪಕಾರ ಆತ್ರೀ ಮೇಡಂ," ಎಂದ ಚನ್ನಬಸವರಾಜ, ಮನಸ್ಸಿನಿಂದಲೇ. "ಇನ್ನ ಹೊಸಾ ಪೂಜಿ ಕ್ವಾಣಿ ಚಿಂತಿ ಇಲ್ಲ. ಎಂಜಿನಿಯರ್ ಸಾಹೇಬ್ರ ಪ್ಲ್ಯಾನ್ ಹೆಂಗೂ ತಯಾರ್ ಐತಿ, ಅದನ್ನ ಶುರು ಮಾಡಿಬಿಡ್ತೀವಿ." ಆಳನ್ನು ಕರೆದು ಅವಳ ಕಾಲ ಬಳಿ ಒಂದು ಚೀಲ ಸೋನಾ ಮಸೂರಿ ಇಡಿಸಿದ.

*

ಗಿರಣಿಯ ಅಂಗಳದಲ್ಲಿ ಬಿಸಿಲು ಕಾದ ಹಂಚಿನ ಹಾಗೆ ಬಿದ್ದಿತ್ತು. ಭತ್ತದ ದೂಳು ಮೂಗಿಗೆ ಬರುತ್ತಿತ್ತು. ಶಶಿಕಾಂತ್ ಮಷೀನನ್ನು ಹಿಂದಿನ ಸೀಟಿಗೆ ಹಾಕಿ, ಅಕ್ಕಿ ಚೀಲವನ್ನು ಡಿಕ್ಕಿಗೆ ಎತ್ತಿಟ್ಟ. ಶ್ರೀಕೃತಿ ಕಾರಿಗೊರಗಿ ನಿಂತಿದ್ದಳು. ಅಳಬಾರದೆಂದು ಹಲ್ಲು ಕಚ್ಚಿದ್ದಳು.

"ಈಗ ಹೇಳ್ರಿ, ಸತ್ಯ ಹರಿಶ್ಚಂದ್ರ. ಆ ಕಾರ್ಡ್ ನಾ ತೊಗೋಬೇಕೋ ಬ್ಯಾಡೋ?"

ಅವನು ಕೈ ಒರೆಸಿಕೊಂಡ. "ಕಾರ್ಡ್ ವಿಷಯದಾಗ ನಂದು ತಪ್ಪಾತು. ಒಳಗ ಅಜ್ಜಿ ಹೇಳಿದ್ದು ಕೇಳಿದ ಮ್ಯಾಲ ಇನ್ನೇನು ಹೇಳ್ಲಿ? ಅದರ ಬೆಲಿ ಇವತ್ತ ಬಂತು." ಸ್ವಲ್ಪ ತಡೆದ. "ಆದ್ರ ನೀವು ಈಗ ತೊಗೊಬ್ಯಾಡ್ರಿ. ಕೆಲಸ ಕೈತಪ್ಪೇತಿ. ಕೆಲಸ ಇಲ್ಲದ ಕಾರ್ಡ್ ತೊಗೊಂಡು ಏನು ಮಾಡ್ತೀರಿ?"

ಇಂಥ ಹೊತ್ತಿನಲ್ಲೂ! ಸಮಾಧಾನಕ್ಕಾದರೂ ‘ತೊಗೊಳ್ರಿ, ನಾಳೆ ನೂರು ಮನೆ ಬರ್ತಾವ’ ಎನ್ನಬಾರದೇ? ಅವಳ ತಾಳ್ಮೆಯ ಕಟ್ಟೆ ಒಡೆಯಿತು.

"ನಿಮಗ ಸುಳ್ಳು ಹೇಳ್ಲಿಕ್ಕೆ ಬರಂಗೇ ಇಲ್ಲೇನ್ರೀ? ಒಂದು ಸಲಾನಾದ್ರೂ? ಎದುರಿಗಿದ್ದವ್ರು ಸತ್ತೇ ಹೋಗ್ಲಿ, ನಿಮಗ ಊಟ ರುಚಿ ಹತ್ತಿದ್ರ ಸಾಕು!"

"ಬರ್ತೈತಿ," ಎಂದ ಅವನು.

"ಏನು?"

"ಸುಳ್ಳು ಹೇಳಾಕ." ಅವನ ಕಣ್ಣು ನೆಲದಲ್ಲಿತ್ತು, ಆಮೇಲೆ ನೆಲ ಬಿಟ್ಟು ಅವಳ ಮುಖಕ್ಕೆ ಬಂತು. "ನಿಮ್ಮನ್ನ ಕಂಡ್ರ ಆಗೂದಿಲ್ಲ ಅಂತ ಹನ್ನೊಂದು ದಿನದಿಂದ ಹೇಳಾಕತ್ತೀನಿ. ನಮ್ಮವ್ವಗ ಹೇಳೀನಿ, ಸಮ್ರಾಟ್‌ಗ ಹೇಳೀನಿ. ದಿನಾ ಮುಂಜಾನಿ ಅಂಗಡಿ ತೆಗೆದು ಬಾಗಿಲ ಕಡೆ ನೋಡ್ಕೊಂತ ನನಗ ನಾನ ಹೇಳ್ಕೊಳ್ತೀನಿ."

ಗಿರಣಿ ಗಡಗಡ ಎನ್ನುತ್ತಲೇ ಇತ್ತು. ಶ್ರೀಕೃತಿಗೆ ತನ್ನ ಎದೆಯ ಸದ್ದು ಯಾವುದು, ಗಿರಣಿಯ ಸದ್ದು ಯಾವುದು ಎಂದು ತಿಳಿಯಲಿಲ್ಲ.

"ಇದು ಹೇಳೋ ಹೊತ್ತೇನ್ರೀ?"

"ಅಲ್ಲ. ಗೊತ್ತೈತಿ."

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಅಪ್ಪ. "ಶ್ರೀ, ಏನಾಯ್ತಮ್ಮ? ಎಂಜಿನಿಯರ್ ಸರ್ ಈಗಷ್ಟೇ ಫೋನ್ ಮಾಡಿದ್ರು. ಸಿರುಗುಪ್ಪದ ಮನೆ ಅವರಿಗೇ ಆಯ್ತಂತ. ಒಂದನೇ ತಾರೀಖು ಬರ್ತಾಳ ಅಂತ ಹೇಳಿಬಿಡ್ಲಾ?"

ಶ್ರೀಕೃತಿ ಗಿರಣಿ ಮನೆಯ ಕಡೆ ನೋಡಿದಳು. ಒಳಗೆ ಒಬ್ಬರು ಎರಡು ವರ್ಷದ ಮೇಲೆ ನೆಮ್ಮದಿಯಾಗಿ ಕೂತಿದ್ದರು. ಅದನ್ನು ಮಾಡಿದವಳು ತಾನು. ಅದರ ಕೆಳಗೆ ಯಾರ ಹೆಸರನ್ನೂ ಯಾರೂ ಬರೆಯಲಾರರು.

"ಬ್ಯಾಡಪ್ಪ. ಹೋಗಂಗಿಲ್ಲ."

"ಮತ್ತ ಏನು ಮಾಡ್ತೀಯಮ್ಮ?"

"ಇನ್ನೊಂದು ಮನೆ ಹುಡುಕ್ತೀನಿ. ಅದೂ ಹೋದ್ರ ಮತ್ತೊಂದು. ಸಂಜೆ ಬಂದು ಎಲ್ಲಾ ಹೇಳ್ತೀನಿ." ಫೋನನ್ನು ಚೀಲದೊಳಗೆ ಹಾಕಿದಳು.

ಶಶಿಕಾಂತ್ ಡಿಕ್ಕಿ ಮುಚ್ಚಿದ. "ಮುಂಜಾನಿ ಹತ್ತರಿಂದ ಒಂದರ ತನಕ ಈ ಮಷೀನ್ ಅಂಗಡ್ಯಾಗ ಖಾಲಿ ಇರ್ತೈತಿ. ಕೆಲಸ ಬಂದ್ರ ಅದರ ಮ್ಯಾಲ ಮಾಡ್ರಿ. ನಿಮ್ಮ ಸ್ವಂತ ರೊಕ್ಕದಾಗ ಕಾರ್ಡ್ ತೊಗೊಳ್ಳೂ ತನಕ."

"ದಿನಾ ಮೂರು ತಾಸು ನಿಮ್ಮ ಮುಖ ನೋಡ್ಕೋತ ಕೂಡ್ಲೇನು?"

"ಕಷ್ಟ ಐತಿ," ಎಂದು ಅವನು ಒಪ್ಪಿಕೊಂಡ.

ಅವಳು ಕನ್ನಡಕ ತೆಗೆದಳು. ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡಳು. ಅವನ ಮುಖ ಮಂಜಾಗಿ ಕಂಡಿತು, ಆದರೂ ಅವನು ಉಸಿರು ಬಿಗಿಹಿಡಿದದ್ದು ಈಗಲೂ ಗೊತ್ತಾಯಿತು. ಒಂದು ಹೆಜ್ಜೆ ಹತ್ತಿರ ಬಂದಳು.

"ಶಶಿಕಾಂತ್," ಎಂದಳು. ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಒಂದು ಮಾತು ನೆನಪಿರಲಿ. ನಿಮ್ಮನ್ನ ಕಂಡ್ರ ನನಗೂ ಆಗಂಗಿಲ್ಲ."

ಅವನು ನಕ್ಕ. ಅವಳು ನಗಲಿಲ್ಲ, ಬಾಗಿಲು ತೆಗೆದು ಅವನ ಪಕ್ಕದ ಸೀಟಿನಲ್ಲಿ ಹೋಗಿ ಕೂತಳು.